ಕೊಂಢವಾದ ಗೋಪುರಗಳ ಮೊದಲ ಮೂರು ಮಹಡಿ

ಪುಣೆಯ ಹೊಸ ವಸತಿ ಗೋಪುರಗಳ ಮಾತು ಬಂದರೆ ನಮ್ಮ ಕನ್ನಡ ಗೆಳೆಯರಲ್ಲಿ ಎರಡು ಪಕ್ಷಗಳಾಗುತ್ತವೆ. ಒಂದು ಪಕ್ಷಕ್ಕೆ ಅವು ಊರು ಮುಂದುವರಿದ ಗುರುತು, ಇನ್ನೊಂದಕ್ಕೆ ಕಾಂಕ್ರೀಟ್ ಕಾಡು. ನೋಡುವಾಗ ಮಾತ್ರ ಎರಡೂ ಪಕ್ಷದವರು ಕತ್ತೆತ್ತಿ ಮೇಲೆಯೇ ನೋಡುತ್ತಾರೆ: ಎಷ್ಟು ಮಹಡಿ, ಎಂಥ ಬಣ್ಣ, ತಾರಸಿಯ ಮೇಲೆ ಈಜುಕೊಳ ಇದೆಯೋ ಇಲ್ಲವೋ. ಕೊಂಢವಾದಲ್ಲಿ ವರ್ಷಗಟ್ಟಲೆ ಇದ್ದು, ಫ್ಲ್ಯಾಟ್ ಕೊಳ್ಳುವ ಗೆಳೆಯರ ಜೊತೆ ಸೈಟ್ ವಿಸಿಟ್‌ಗೆ ಹೋಗಿ ಹೋಗಿ, ನನ್ನ ತಕರಾರು ಬೇರೆಯೇ ಕಡೆ ಬಂದು ನಿಂತಿದೆ. ಎತ್ತರದ ಜೊತೆ ನನಗೆ ಜಗಳವಿಲ್ಲ. ಈ ಕಟ್ಟಡಗಳು ಕೆಡುವುದು ನೆಲದಿಂದ ಮೊದಲ ಮೂರು ಮಹಡಿಗಳಲ್ಲಿ.

ಎತ್ತರದ ಪರವಾಗಿ ಹೇಳಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ. ಹದಿನೈದನೇ ಮಹಡಿಯ ಮನೆಗೆ ಸಂಜೆ ಪಡುವಣ ಗಾಳಿ ಬರುತ್ತದೆ, ಬೆಳಕು ಬರುತ್ತದೆ, ಸೊಳ್ಳೆಯ ಕಾಟ ಕಡಿಮೆ. ಎಲ್ಲರೂ ಅಂಗಳದ ಮನೆಯೇ ಬೇಕೆಂದು ಹಟ ಹಿಡಿದರೆ ಪುಣೆ ಸಾಸವಡದವರೆಗೆ ಹಬ್ಬಿ, ಆಫೀಸಿಗೆ ಹೋಗಿ ಬರುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಧಾರವಾಡದ ಮನೆಯನ್ನು ನೆನೆದು ಇಲ್ಲಿಯ ಗೋಪುರವನ್ನು ಬೈಯುವುದು ಸುಲಭ, ಆದರೆ ಅದು ವಿಮರ್ಶೆ ಆಗುವುದಿಲ್ಲ.

ಇನ್ನು ಈ ಜಾಗ. ಕೊಂಢವಾ ಎಂದರೆ ಎರಡು ಹಳ್ಳಿ, ಖುರ್ದ್ ಮತ್ತು ಬುದ್ರುಕ್, ಅಂದರೆ ಚಿಕ್ಕದು ಮತ್ತು ಹಿರಿದು. ಬೆಳಗಾವಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಕಂಗ್ರಾಳಿ ಬಿ.ಕೆ., ಕಂಗ್ರಾಳಿ ಕೆ.ಎಚ್. ಅವರ ಮನೆ ಬಾಗಿಲಲ್ಲೇ ಇವೆ. ಹಳ್ಳಿ ದಾಟಿ ಎನ್‌ಐಬಿಎಂ ರಸ್ತೆ, ಮಹಮ್ಮದವಾಡಿ, ಉಂಡ್ರಿ, ಪಿಸೋಳಿ ಎಂದು ಕಟ್ಟಡಗಳು ಮುಂದೆ ಹೋಗಿವೆ. ಉಂಡ್ರಿ ಮಹಾನಗರಪಾಲಿಕೆಗೆ ಸೇರಿದ್ದು 2017ರಲ್ಲಿ, ಪಿಸೋಳಿ 2021ರಲ್ಲಿ. ಅಷ್ಟರೊಳಗೆ ಎರಡೂ ಕಡೆ ಅಪಾರ್ಟ್‌ಮೆಂಟುಗಳು ಎದ್ದಾಗಿತ್ತು. ಮೊದಲು ಮನೆ, ಆಮೇಲೆ ರಸ್ತೆ, ಕಟ್ಟಕಡೆಗೆ ನೀರು ಎಂಬುದು ಇಲ್ಲಿಯ ಕ್ರಮ. ಕಾತ್ರಜ್–ಕೊಂಢವಾ ರಸ್ತೆಯನ್ನೇ ನೋಡಿ. 84 ಮೀಟರ್ ಅಗಲ ಎಂದು ಯೋಜಿಸಿದ್ದು ಭೂಸ್ವಾಧೀನದ ತೊಡಕಿನಲ್ಲಿ 50ಕ್ಕೆ ಇಳಿಯಿತು. ಆದರೂ ಕೆಲಸ ವರ್ಷಗಳ ಕಾಲ ಎಳೆಯಿತು.

ವಿನ್ಯಾಸದ ದೃಷ್ಟಿಯಿಂದ ಇಲ್ಲಿ ಮುಖ್ಯವಾದ ಸಂಗತಿ ಇಳಿಜಾರು. ಇದು ಗುಡ್ಡದ ಮಗ್ಗುಲಿನ ನೆಲ, ಚಪ್ಪಟೆ ಜಾಗ ಕಡಿಮೆ. ಇಳಿಜಾರಿನಲ್ಲಿ ಕಟ್ಟಲು ಎರಡು ದಾರಿ ಇವೆ. ನೆಲ ಇಳಿದಂತೆ ಕಟ್ಟಡವೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು ಒಂದು. ಒಂದು ಕಡೆ ಅಗೆದು, ಇನ್ನೊಂದು ಕಡೆ ಮಣ್ಣು ತುಂಬಿ, ಇಡೀ ಪ್ಲಾಟನ್ನು ತಟ್ಟೆಯಂತೆ ಸಮ ಮಾಡುವುದು ಇನ್ನೊಂದು. ಕೊಂಢವಾದಲ್ಲಿ ಬಹುತೇಕ ಎಲ್ಲರೂ ಹಿಡಿದಿರುವುದು ಎರಡನೆಯದನ್ನು, ಏಕೆಂದರೆ ಪಾರ್ಕಿಂಗಿಗೆ ಸಮತಟ್ಟು ಬೇಕು. ಕಾರುಗಳಿಗಾಗಿ ನೆಲಮಟ್ಟದಲ್ಲಿ ಒಂದು ಅಂತಸ್ತು, ಅದರ ಮೇಲೆ ಒಂದೋ ಎರಡೋ ಪೋಡಿಯಂ, ಅದರ ನೆತ್ತಿಯ ಮೇಲೆ ಲಾನು, ಮಕ್ಕಳ ಜಾರುಬಂಡಿ, ಕ್ಲಬ್‌ಹೌಸು. ಮನೆಗಳು ಶುರುವಾಗುವುದು ಅಲ್ಲಿಂದ ಮೇಲೆ. ಸುತ್ತಲೂ ಅಗ್ನಿಶಾಮಕ ವಾಹನ ತಿರುಗಲು 6 ಮೀಟರಿನ ದಾರಿ ಬಿಡಬೇಕು, ಅದು ನ್ಯಾಯವೇ. ಅದರಾಚೆ ಕಾಂಪೌಂಡ್ ಗೋಡೆ. ಗೋಡೆಯ ಈಚೆಗೂ ಆಚೆಗೂ ನೆಲದ ಮಟ್ಟ ಬೇರೆ ಬೇರೆಯಾದ್ದರಿಂದ ಅದು ಬರೀ ಗಡಿಗೋಡೆಯಾಗಿ ಉಳಿಯುವುದಿಲ್ಲ, ಮಣ್ಣು ತಡೆಯುವ ಗೋಡೆಯೂ ಆಗುತ್ತದೆ. ರಸ್ತೆಯಲ್ಲಿ ನಡೆದು ಹೋಗುವವನಿಗೆ ಕಾಣುವುದು ಈ ಗೋಡೆ, ಅದರ ಹಿಂದೆ ಪೋಡಿಯಂನ ಜಾಲರಿ, ಜಾಲರಿಯ ಸಂದಿಯಲ್ಲಿ ಕಾರಿನ ಮೂತಿಗಳು.

ಸಿವಿಲ್ ಓದಿ ಸಾಫ್ಟ್‌ವೇರಿಗೆ ಬಂದವರಲ್ಲಿ ನಾನೂ ಒಬ್ಬ. ಓದುವಾಗ ಮಣ್ಣು ತಡೆಯುವ ಗೋಡೆಯ ಲೆಕ್ಕ ಎಷ್ಟು ಸಲ ಮಾಡಿದ್ದೇವೋ ಏನೋ. ಆ ಲೆಕ್ಕದಲ್ಲಿ ಮೊದಲು ನೋಡಬೇಕಾದ್ದು ನೀರು. ಹಿಂದಿನ ಮಣ್ಣು ನೆನೆದಾಗ ಗೋಡೆಯ ಮೇಲಿನ ಒತ್ತಡ ಏರುತ್ತದೆ, ನೀರು ಹೊರಹೋಗಲು ದಾರಿ ಇರಲೇಬೇಕು. 2019ರ ಜೂನ್ 29ರ ನಸುಕಿನಲ್ಲಿ, ಭಾರಿ ಮಳೆಯ ನಡುವೆ, ಕೊಂಢವಾದ ಒಂದು ಹೌಸಿಂಗ್ ಸೊಸೈಟಿಯ ಗೋಡೆ ಪಕ್ಕದ ಪ್ಲಾಟಿನ ತಗಡಿನ ಶೆಡ್ಡುಗಳ ಮೇಲೆ ಕುಸಿಯಿತು. ಗೋಡೆಯ ಜೊತೆಗೆ ಅದರ ಬದಿಯಲ್ಲಿ ನಿಂತಿದ್ದ ಕಾರುಗಳೂ ಬಿದ್ದವು. ಮಕ್ಕಳೂ ಸೇರಿ 15 ಜನ ಸತ್ತರು, ಹೆಚ್ಚಿನವರು ಬಿಹಾರದಿಂದ ಕೆಲಸಕ್ಕೆ ಬಂದವರು. ಆ ಸುದ್ದಿಯನ್ನು ಎಲ್ಲರೂ ಅಪಘಾತವೆಂದು, ನಿರ್ಲಕ್ಷ್ಯವೆಂದು ಓದಿದರು. ನಾನು ಅದನ್ನು ವಿನ್ಯಾಸದ ಸುದ್ದಿಯಾಗಿಯೂ ಓದುತ್ತೇನೆ. ಪ್ರತಿ ಪ್ಲಾಟೂ ತನ್ನಷ್ಟಕ್ಕೆ ಸಮತಟ್ಟಾಗಿ, ತನ್ನ ಅಂಚಿನ ಆಚೆ ಏನಿದೆ ಎಂದು ನೋಡದೆ ಎದ್ದರೆ, ಎರಡು ಪ್ಲಾಟುಗಳ ನಡುವಿನ ಗೆರೆ ಯಾರ ನಕ್ಷೆಯಲ್ಲೂ ಸರಿಯಾಗಿ ಕಾಣುವುದಿಲ್ಲ. ಆ ಗೆರೆಯ ಪಕ್ಕದಲ್ಲಿ ಮಲಗುವವರು ಕಟ್ಟಡ ಕಟ್ಟುವವರೇ. ಇಲ್ಲಿಯ ಶೆಡ್ಡುಗಳ ಹತ್ತಿರ ಸಂಜೆ ನಡೆದು ನೋಡಿ, ಬಿಹಾರದ ಹಿಂದಿಯ ಜೊತೆಗೆ ಯಾದಗಿರಿ, ಕಲಬುರಗಿಯ ಕನ್ನಡವೂ ಕೇಳುತ್ತದೆ.

ಕಾಲಿನಿಂದ ಮೇಲಿನ ಮೈಗೆ ಬಂದರೆ, ಅಲ್ಲಿ ಹಳೆಯ ಪುಣೆಗೆ ಒಂದು ಒಳ್ಳೆಯ ರೂಢಿ ಇತ್ತು. ಇಪ್ಪತ್ತು ವರ್ಷದ ಹಿಂದಿನ ಐದಾರು ಮಹಡಿಯ ಕಟ್ಟಡಗಳಲ್ಲಿ ಹಾಲಿಗೆ ಅಂಟಿಕೊಂಡು ಒಂದು ಟೆರೇಸು ಇರುತ್ತಿತ್ತು. ಒಂದು ಮಹಡಿಯಲ್ಲಿ ಎಡಕ್ಕೆ, ಮುಂದಿನ ಮಹಡಿಯಲ್ಲಿ ಬಲಕ್ಕೆ. ಹೀಗಾಗಿ ಪ್ರತಿ ಟೆರೇಸಿನ ಮೇಲೆ ಎರಡು ಮಹಡಿಯಷ್ಟು ಬಯಲು ಸಿಗುತ್ತಿತ್ತು. ಹಪ್ಪಳ ಒಣಗಿಸಲು, ತುಳಸಿ ಇಡಲು, ಬೇಸಿಗೆಯ ರಾತ್ರಿ ಚಾಪೆ ಹಾಸಲು ಸಾಕು. ಇದು ಬರೀ ಔದಾರ್ಯದಿಂದ ಬಂದದ್ದಲ್ಲ. ಹಾಗೆ ತೆರೆದಿಟ್ಟ ಟೆರೇಸು ಎಫ್‌ಎಸ್‌ಐ ಲೆಕ್ಕಕ್ಕೆ, ಅಂದರೆ ನಿವೇಶನದ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕಕ್ಕೆ, ಸೇರುತ್ತಿರಲಿಲ್ಲ. 2020ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಏಕೀಕೃತ ಕಟ್ಟಡ ನಿಯಮಗಳು ಬಂದ ಮೇಲೆ ಬಾಲ್ಕನಿಯೂ ಸೇರಿ ಹೊರಗೆರೆಯೊಳಗಿನದೆಲ್ಲ ಲೆಕ್ಕಕ್ಕೆ ಬಂತು. ಬದಲಿಗೆ ವಸತಿ ಕಟ್ಟಡಕ್ಕೆ 60 ಪ್ರತಿಶತದವರೆಗೆ ಪೂರಕ ಎಫ್‌ಎಸ್‌ಐಯನ್ನು ಹಣ ಕಟ್ಟಿ ಪಡೆಯಬಹುದು. ನಿಯಮ ಸರಳವಾಯಿತು, ಬಾಲ್ಕನಿಯನ್ನು ಮುಚ್ಚಿ ಕೋಣೆ ಮಾಡುವ ಕಳ್ಳಾಟವೂ ಕಡಿಮೆಯಾದೀತು. ಆದರೆ ತೆರೆದ ಜಾಗ ಕೊಡಲು ಬಿಲ್ಡರನಿಗಿದ್ದ ವಿಶೇಷ ಕಾರಣವೂ ಹೋಯಿತು. ಈಗ ಉಳಿದಿರುವುದು ಪಾತ್ರೆ ತೊಳೆಯಲು, ವಾಷಿಂಗ್ ಮೆಷಿನ್ ಇಡಲು ಒಂದು ಡ್ರೈ ಬಾಲ್ಕನಿ, ಮುಂದೆ ಗಾಜಿನ ಕಟಕಟೆಯ ಕಿರುಬಾಲ್ಕನಿ.

ಇದರ ಮೇಲೆ ಮಿವಾನ್. ಇಟ್ಟಿಗೆಯ ಬದಲು ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆ, ಛಾವಣಿ ಎಲ್ಲವನ್ನೂ ಒಟ್ಟಿಗೆ ಕಾಂಕ್ರೀಟಿನಲ್ಲಿ ಎರೆಯುವ ಪದ್ಧತಿ. ವಾರ ಹತ್ತು ದಿನಕ್ಕೊಂದು ಮಹಡಿ ಏಳುತ್ತದೆ. ಅಚ್ಚಿನ ದುಡ್ಡು ಹುಟ್ಟಬೇಕಾದರೆ ಪ್ರತಿ ಮಹಡಿಯೂ ಕೆಳಗಿನದರ ಪಡಿಯಚ್ಚಾಗಿರಬೇಕು. ಗೋಪುರಗಳೆಲ್ಲ ಕಾಪಿ-ಪೇಸ್ಟ್ ಮಾಡಿದಂತೆ ಕಾಣುವುದಕ್ಕೆ ಇದೂ ಒಂದು ಕಾರಣ. ಕಾಂಕ್ರೀಟ್ ಗೋಡೆ ಇಟ್ಟಿಗೆಗಿಂತ ಸುಮಾರು ಎರಡು ಪಟ್ಟು ಸುಲಭವಾಗಿ ಬಿಸಿಯನ್ನು ಒಳಗೆ ಬಿಡುತ್ತದೆ. ಅದಕ್ಕೆ ಈಗಿನ ಫ್ಯಾಷನ್ನಿನ ಕಡುಬೂದು ಬಣ್ಣ ಬಳಿದು ಪಶ್ಚಿಮಕ್ಕೆ ಮುಖ ಮಾಡಿದರೆ ಏಪ್ರಿಲಿನ ಮಧ್ಯಾಹ್ನ ಒಳಗೆ ಹೇಗಿರುತ್ತದೆಂದು ಅಲ್ಲಿರುವವರನ್ನೇ ಕೇಳಬೇಕು.

ಬಹುಮಹಡಿಯಲ್ಲಿ ಇದಕ್ಕಿಂತ ಚೆನ್ನಾಗಿ ಯೋಚಿಸಲು ಸಾಧ್ಯವಿಲ್ಲವೆಂದೇನೂ ಇಲ್ಲ. ಚಾರ್ಲ್ಸ್ ಕೊರಿಯಾ ಅವರ ಕಾಂಚನಜುಂಗಾ ಮುಂಬೈಯಲ್ಲಿ 1983ರಲ್ಲೇ ಮುಗಿಯಿತು. 28 ಮಹಡಿ, 32 ಮನೆ. ಅಲ್ಲಿ ಗಾಳಿ, ನೋಟ ಎರಡೂ ಇರುವುದು ಪಶ್ಚಿಮಕ್ಕೆ, ಸುಡುಬಿಸಿಲು, ಇರಚಲು ಮಳೆ ಬರುವುದೂ ಅಲ್ಲಿಂದಲೇ. ಹಳೆಯ ಬಂಗಲೆಯ ವರಾಂಡಾವನ್ನು ನೆನೆದು ಅವರು ಕಟ್ಟಡದ ಮೂಲೆಗಳನ್ನೇ ಎರಡು ಮಹಡಿ ಎತ್ತರಕ್ಕೆ ಕೊರೆದು ತೋಟದ ಟೆರೇಸು ಮಾಡಿದರು. ಅದು ಸಿರಿವಂತರ ಮನೆ, ನಿಜ. ನಮ್ಮ ಕೊಂಢವಾದ ಪಕ್ಕದ ಹಡಪ್ಸರದಲ್ಲೇ, ಅಮನೋರಾದಲ್ಲಿ, ಡಚ್ ಸಂಸ್ಥೆ ಎಂವಿಆರ್‌ಡಿವಿ ವಿನ್ಯಾಸ ಮಾಡಿದ ಫ್ಯೂಚರ್ ಟವರ್ಸ್ 2018ರಲ್ಲಿ ಮುಗಿಯಿತು. 1,068 ಮನೆ. 45 ಚದರ ಮೀಟರಿನ ಮನೆಯಿಂದ 450ರ ಮನೆಯವರೆಗೆ ಒಂದೇ ಕಟ್ಟಡದಲ್ಲಿ ಬೆರೆಸಿದ್ದಾರೆ, ಕಟ್ಟಡದ ಮೈಯಲ್ಲಿ ದೊಡ್ಡ ಬಾಯಿಗಳನ್ನು ತೆರೆದು ಅಂಗಳದಿಂದ ಅಂಗಳಕ್ಕೆ ನೋಟ, ಗಾಳಿ ಹಾಯಿಸಿದ್ದಾರೆ. ದೂರದಿಂದ ಅದರ ಬೆಟ್ಟದಂಥ ಆಕಾರ ನನಗೆ ಸ್ವಲ್ಪ ಅತಿಯೆನಿಸುತ್ತದೆ. ಆದರೂ ಮನೆ ಮನೆಗಳ ನಡುವಿನ ಜಾಗದ ಬಗ್ಗೆ ಯಾರೋ ಕೂತು ಯೋಚಿಸಿದ್ದಾರೆ ಎಂಬುದು ಕಾಣುತ್ತದೆ.

ಕೊಂಢವಾದ ಗೋಪುರದಲ್ಲಿ ಅಂಥ ನಡುವಿನ ಜಾಗ ಒಂದೇ ಒಂದು ಇದೆ, ಅದೂ ಕಾನೂನಿನ ಬಲವಂತಕ್ಕೆ. 24 ಮೀಟರಿಗಿಂತ ಎತ್ತರದ ಕಟ್ಟಡದಲ್ಲಿ ಬೆಂಕಿ ಬಿದ್ದರೆ ಜನ ನಿಂತು ಕಾಯಲು ಒಂದು ಬದಿ ಬಯಲಿಗೆ ತೆರೆದ ರೆಫ್ಯೂಜ್ ಏರಿಯಾ ಇರಲೇಬೇಕು. ನಾನು ನೋಡಿದ ಗೋಪುರಗಳಲ್ಲಿ ಅತ್ಯಂತ ಚೆಂದದ ಗಾಳಿ ಬೀಸುವ ಜಾಗ ಅದೇ. ಕೆಲವು ಕಡೆ ಅದಕ್ಕೆ ಬೀಗ, ಕೆಲವು ಕಡೆ ಉಳಿದ ಟೈಲ್ಸ್ ರಾಶಿ. ಎರಡೂ ಅಪಾಯ. ಅದನ್ನು ಹರಟೆಕಟ್ಟೆ ಮಾಡಿ ಎಂದು ನಾನು ಹೇಳುತ್ತಿಲ್ಲ, ಅದು ಖಾಲಿಯೇ ಇರಬೇಕು. ಆದರೆ ಐದಾರು ಮಹಡಿಗೊಂದು ಅಂಥ ತೆರೆದ ಜಾಗ ಬದುಕಲಿಕ್ಕೂ ಬೇಕಿತ್ತಲ್ಲ ಎಂದು ಅಲ್ಲಿ ನಿಂತಾಗಲೆಲ್ಲ ಅನ್ನಿಸುತ್ತದೆ.

ಗೆಳೆಯರೊಬ್ಬರ ತಾಯಿ ಗದಗಿನಿಂದ ಬಂದಿದ್ದರು. ಹದಿನೇಳನೇ ಮಹಡಿ. ಮೂರನೇ ದಿನಕ್ಕೆ ಕೇಳಿದರು: "ಇಷ್ಟ್ ದೊಡ್ಡ ಮನಿಗೆ ಹೊರಗ ಕೂಡ್ಲಿಕ್ಕೆ ಒಂದ್ ಕಟ್ಟಿ ಇಲ್ಲೇನಪಾ?" ಪೋಡಿಯಂ ತೋಟದಲ್ಲಿ ಬೆಂಚುಗಳಿವೆ ಎಂದು ಮಗ ಹೇಳಿದ. ಬೆಂಚು ಇದ್ದವು, ಆದರೆ ಅಲ್ಲಿಂದ ರಸ್ತೆ ಕಾಣುವುದಿಲ್ಲ. ಹೋಗಿಬರುವವರಿಲ್ಲದ ಕಟ್ಟೆಯ ಮೇಲೆ ಕೂತು ಮಾಡುವುದೇನು? ಕೊತ್ತಂಬರಿ ತರಲು ಹೋಗಬೇಕೆಂದರೆ ಲಿಫ್ಟು, ಲಾಬಿ, ಪಾರ್ಕಿಂಗು, ಆಮೇಲೆ ಕಾರಿಗೆಂದು ಮಾಡಿದ ರ್‍ಯಾಂಪು, ಆಮೇಲೆ ಗೇಟಿನಲ್ಲಿ ವಾಚ್‌ಮನ್ನನ ರಿಜಿಸ್ಟರು. ನಡೆಯುವವರಿಗೆ ಬೇರೆ ದಾರಿಯನ್ನೇ ಬಿಟ್ಟಿರಲಿಲ್ಲ. ಮಂಡಿನೋವಿನ ಹೆಂಗಸು ಇಳಿಜಾರಿನಲ್ಲಿ ಗೋಡೆ ಹಿಡಿದು, ಹಿಂದಿನಿಂದ ಹಾರ್ನ್ ಕೇಳುತ್ತಾ ಇಳಿಯಬೇಕು. ಎರಡು ತಿಂಗಳು ಇರುತ್ತೇನೆಂದು ಬಂದವರು ಹದಿನೆಂಟು ದಿನಕ್ಕೆ ಗದಗಿಗೆ ಹೊರಟರು. ಇಪ್ಪತ್ತು ವರ್ಷದ ಸಾಲ ಮಾಡಿ ಮೂರು ಬೆಡ್‌ರೂಮಿನ ಮನೆ ಕೊಂಡದ್ದೇ ತಂದೆತಾಯಿ ಬಂದಿರಲಿ ಎಂದು.

ಆದ್ದರಿಂದ ಸೈಟ್ ವಿಸಿಟ್‌ಗೆ ಹೋಗುವವರು ಸ್ಯಾಂಪಲ್ ಫ್ಲ್ಯಾಟಿನ ಸೋಫಾದಲ್ಲಿ ಕೂತು ಫ್ಲೋರ್ ರೈಸ್ ಎಷ್ಟು ಎಂದು ಕೇಳುವ ಮೊದಲು ಕೆಳಗಿನ ಮೂರು ಮಹಡಿಯ ಸೆಕ್ಷನ್ ನಕ್ಷೆ ತೋರಿಸಿ ಎನ್ನಬೇಕು. ಗೇಟಿನಿಂದ ಲಿಫ್ಟಿಗೆ ಕಾರು ಅಡ್ಡ ಬಾರದ ಕಾಲುದಾರಿ ಎಲ್ಲಿದೆ, ಅಂಚಿನ ಗೋಡೆಯ ಎತ್ತರವೆಷ್ಟು, ಅದರ ನೀರು ಎಲ್ಲಿ ಹೋಗುತ್ತದೆ, ಆಚೆ ಬದಿಯಲ್ಲಿ ಏನಿದೆ. ಸೇಲ್ಸಿನ ಹುಡುಗನಿಗೆ ಗೊತ್ತಿರುವುದಿಲ್ಲ, ಒಳಗೆ ಫೋನ್ ಮಾಡುತ್ತಾನೆ. ಮಾಡಲಿ.

ಎನ್‌ಐಬಿಎಂ ರಸ್ತೆಯ ಹಳೆಯ ಕಟ್ಟಡಗಳು ಚೆಂದವೇನಲ್ಲ, ಬಣ್ಣ ಹೋಗಿದೆ, ಪೈಪು ಸೋರುತ್ತವೆ. ಆದರೆ ರಸ್ತೆಯ ಬದಿಗೆ ಒಂದು ಸಾಲು ಅಂಗಡಿ ಇಟ್ಟು ಪಾರ್ಕಿಂಗನ್ನು ಹಿಂದಕ್ಕೆ ಹಾಕಿವೆ. ಮೆಟ್ಟಿಲ ಮೇಲೆ ಟೇಲರನ ಗಿರಾಕಿಗಳು ಕೂತಿರುತ್ತಾರೆ, ಪಕ್ಕದಲ್ಲಿ ಬೀಗದ ಕೈ ಮಾಡುವವನು, ಮುಂದೆ ಭಾಜಿಯ ಗಾಡಿ. ಹೊಸ ಗೋಪುರಗಳಲ್ಲೂ ಒಂದೆರಡು ಈಗ ಪೋಡಿಯಂನ ಮುಖಕ್ಕೆ ಅಂಗಡಿ ಸಾಲು ಜೋಡಿಸಿವೆ. ಬಾಡಿಗೆಯ ಆಸೆಗೇ ಇರಬಹುದು, ಇರಲಿ. ಅಲ್ಲಿ ಸಂಜೆ ಏಳರ ಮೇಲೆ ಫುಟ್‌ಪಾತಿನಲ್ಲಿ ಬೆಳಕಿರುತ್ತದೆ.