ಹೆವಿ ಆಯಿಲ್ ಬಾಲೂ ಉಜ್ಜುವ ಪ್ಯಾಡೂ

ಬೌಲಿಂಗ್ ಬಾಲ್ ಮಾರುವ ಕಂಪನಿಗಳ ಕ್ಯಾಟಲಾಗ್ ಓದೋದಕ್ಕೆ ಬಹಳ ಮಜವಾಗಿರುತ್ತೆ. ಒಂದು ಬಾಲಿಗೆ ಬ್ಲ್ಯಾಕ್ ವಿಡೋ ಅಂತ ಹೆಸರು, ಅದರ ಹೊಟ್ಟೆಯೊಳಗಿನ ತಿರುಳಿಗೆ ಗ್ಯಾಸ್ ಮಾಸ್ಕ್ ಅಂತ ಹೆಸರು. ಇನ್ನೊಂದು ಬಾಲು ಜ್ಯಾಕಲ್, ಅಂದ್ರೆ ನಮ್ಮೂರ ಕಬ್ಬಿನ ಗದ್ದೆಗೆ ನುಗ್ಗುತ್ತಿದ್ದ ಅದೇ ನರಿ. ಈ ಕ್ಯಾಟಲಾಗ್‌ಗಳಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದುಬಾರಿ ಬೆಲೆ ಹೊತ್ತು ಕೂತಿರೋದು ‘ಹೆವಿ ಆಯಿಲ್’ ವಿಭಾಗ. ಲೇನಿನ ಮೇಲೆ ಎಣ್ಣೆ ಜಾಸ್ತಿ ಇದ್ದರೆ ಇದೇ ಬೇಕು ಅಂತ ಅಲ್ಲಿ ಬರೆದಿರುತ್ತೆ. ನನ್ನ ತಕರಾರು ಈ ವಿಭಾಗದ ಮೇಲೆ. ಬಾಲುಗಳು ಕೆಟ್ಟವು ಅಂತಲ್ಲ, ತುಂಬಾ ಚೆನ್ನಾಗಿರೋ ಬಾಲುಗಳೇ ಅಲ್ಲಿವೆ. ಆದರೆ ಅವುಗಳ ಬಗ್ಗೆ ಬರೆಯೋ ರೀತಿ, ವಿಡಿಯೋ ಮಾಡಿ ತೋರಿಸೋ ರೀತಿ ಸರಿಯಿಲ್ಲ. ಅದರಿಂದ ದುಡ್ಡು ಕಳಕೊಳ್ಳೋದು ವಾರಕ್ಕೊಂದು ದಿನ ಆಫೀಸ್ ಮುಗಿಸಿ ಲೀಗ್ ಆಡೋಕೆ ಓಡೋ ನಮ್ಮಂಥವರು.

ಬೆಂಗಳೂರಿನ ಮಾಲ್‌ಗಳಲ್ಲಿ ಟೀಮ್ ಔಟಿಂಗಿಗೆ ಹೋಗಿ ನಾಲ್ಕು ಸಲ ಬಾಲ್ ಎಸೆದು ಬಂದವರಿಗೆ ‘ಇದರಲ್ಲಿ ಎಣ್ಣೆ ಎಲ್ಲಿಂದ ಬಂತು?’ ಅನ್ನಿಸಬಹುದು. ಫೌಲ್ ಲೈನಿನಿಂದ ಮೊದಲ ಪಿನ್ನಿಗೆ 60 ಅಡಿ. ಅಗಲ ಹೆಚ್ಚುಕಮ್ಮಿ ಮೂರೂವರೆ ಅಡಿ, ಅದನ್ನ 39 ಪಟ್ಟಿಗಳಾಗಿ ಲೆಕ್ಕ ಹಾಕ್ತಾರೆ. ಈ ಉದ್ದದಲ್ಲಿ ಮೊದಲ ನಲವತ್ತು ಅಡಿಯಷ್ಟು ಜಾಗಕ್ಕೆ ಒಂದು ಮೆಷಿನ್ ಬಂದು ಖನಿಜ ತೈಲ ಸವರಿ ಹೋಗುತ್ತೆ. ಉಳಿದದ್ದು ಒಣ. ಒಟ್ಟು ಎಣ್ಣೆ ಎಷ್ಟು ಅಂದ್ರೆ 20ರಿಂದ 30 ಮಿಲಿಲೀಟರ್. ನಮ್ಮನೆ ಒಂದು ಹೊತ್ತಿನ ಒಗ್ಗರಣೆಗೆ ಹಾಕೋಷ್ಟು. ಕಣ್ಣಿಗೆ ಕಾಣೋದಿಲ್ಲ. ಆದರೆ ಇಡೀ ಆಟ ನಿಂತಿರೋದು ಆ ಒಗ್ಗರಣೆ ಮೇಲೆ. ಬಾಲು ಎಣ್ಣೆ ಮೇಲೆ ಜಾರುತ್ತೆ, ಒಣ ಜಾಗ ಸಿಕ್ಕಾಗ ಹಿಡಿತ ಸಿಕ್ಕಿ ತಿರುಗುತ್ತೆ, ಆಮೇಲೆ ಉರುಳಿಕೊಂಡು ಪಿನ್ನಿಗೆ ಹೋಗುತ್ತೆ. ಮಾಲ್‌ನಲ್ಲಿ ಸಿಗೋ ಬಾಡಿಗೆ ಬಾಲು ಪ್ಲಾಸ್ಟಿಕ್ಕು, ಅಂದ್ರೆ ಪಾಲಿಯೆಸ್ಟರ್. ಅದಕ್ಕೆ ಎಣ್ಣೆ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ, ನೆಟ್ಟಗೆ ಹೋಗುತ್ತೆ. ಲೀಗ್ ಆಡೋರ ಸ್ವಂತ ಬಾಲು ರಿಯಾಕ್ಟಿವ್ ರೆಸಿನ್. ಅದರ ಮೈಮೇಲೆ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ಅವು ಎಣ್ಣೆ ಹೀರುತ್ತವೆ. ಒಂದು ಮತ್ತು ಮೂರನೇ ಪಿನ್ನಿನ ನಡುವೆ ಸುಮಾರು ಆರು ಡಿಗ್ರಿ ಕೋನದಲ್ಲಿ ಒಳಗೆ ಹೋದರೆ ಸ್ಟ್ರೈಕ್ ಬೀಳೋ ಸಾಧ್ಯತೆ ಜಾಸ್ತಿ. ನೆಟ್ಟಗೆ ಎಸೆದು ಆ ಕೋನ ತರೋಕಾಗಲ್ಲ. ಬಾಲು ತಿರುಗಲೇಬೇಕು.

ಎಣ್ಣೆ ಜಾಸ್ತಿ ಆದರೆ ಬಾಲು ಜಾರಿಕೊಂಡೇ ಹೋಗಿಬಿಡುತ್ತೆ. ತಿರುಗೋಕೆ ಜಾಗವೇ ಉಳಿಯೋದಿಲ್ಲ. ಮಳೆಗಾಲದಲ್ಲಿ ಕೆರೆ ಏರಿ ಮೇಲೆ ಟಯರ್ ಸವೆದ ಟಿವಿಎಸ್ ಓಡಿಸಿದವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಆಗ ಬೇಕಾಗಿರೋದು ಹಿಡಿತ. ಆ ಹಿಡಿತ ಬಾಲಿನ ಯಾವ ಭಾಗದಿಂದ ಬರುತ್ತೆ ಅನ್ನೋದೇ ಇಲ್ಲಿರೋ ಪ್ರಶ್ನೆ.

ಕ್ಯಾಟಲಾಗ್ ಪ್ರಕಾರ ಅದು ತಿರುಳಿನಿಂದ, ಅಂದ್ರೆ ಕೋರ್‌ನಿಂದ ಬರುತ್ತೆ. ಪುಟದ ಮುಕ್ಕಾಲು ಪಾಲು ಕೋರ್ ಚಿತ್ರ. ಆಮೇಲೆ ಎರಡು ಸಂಖ್ಯೆ: ಆರ್‌ಜಿ ಮತ್ತು ಡಿಫರೆನ್ಶಿಯಲ್. ಆರ್‌ಜಿ ಅಂದ್ರೆ ಬಾಲಿನ ತೂಕ ನಡುವೆ ಗುಂಪಾಗಿದೆಯೋ ಅಂಚಿಗೆ ಹಂಚಿದೆಯೋ ಅನ್ನೋದರ ಅಳತೆ. ಕಡಿಮೆ ಇದ್ದರೆ ಬೇಗ ಉರುಳೋಕೆ ಶುರುಮಾಡುತ್ತೆ. ಡಿಫರೆನ್ಶಿಯಲ್ ಜಾಸ್ತಿ ಇದ್ದಷ್ಟೂ ಬಾಲು ಸುತ್ತುವ ಅಕ್ಷ ಸರಿಯುತ್ತಾ ಹೋಗಿ, ಪ್ರತಿ ಸುತ್ತಿಗೂ ಎಣ್ಣೆ ಹತ್ತದ ಹೊಸ ಮೈ ಲೇನಿಗೆ ತಾಗುತ್ತೆ. ಎರಡೂ ನಿಜವಾದ ಭೌತಶಾಸ್ತ್ರವೇ, ಸುಳ್ಳಲ್ಲ. ಆದರೆ ಅಮೆರಿಕದ ಬೌಲಿಂಗ್ ಸಂಸ್ಥೆ ಯುಎಸ್‌ಬಿಸಿ ಇದಕ್ಕೆ ಮಿತಿ ಹಾಕಿದೆ. ಆರ್‌ಜಿ 2.46ರಿಂದ 2.80 ಇಂಚಿನ ಒಳಗೇ ಇರಬೇಕು, ಡಿಫರೆನ್ಶಿಯಲ್ 0.060 ದಾಟುವಂತಿಲ್ಲ. 2016ರಲ್ಲಿ ಮೋಟಿವ್ ಕಂಪನಿಯ ಜ್ಯಾಕಲ್ ಬಾಲಿನ ಅನುಮತಿ ವಾಪಸ್ ಪಡೆದದ್ದು ಈ ಮಿತಿ ದಾಟಿತ್ತು ಅನ್ನೋ ಕಾರಣಕ್ಕೇ. ಅಂದ ಮೇಲೆ ದುಬಾರಿ ಬಾಲುಗಳೆಲ್ಲ ಒಂದೇ ಚಿಕ್ಕ ಕೋಣೆಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿವೆ. 15 ಪೌಂಡಿನ ಬ್ಲ್ಯಾಕ್ ವಿಡೋದ ಗ್ಯಾಸ್ ಮಾಸ್ಕ್ ಕೋರ್‌ಗೆ 2.50 ಮತ್ತು 0.058. ಸ್ಟಾರ್ಮ್ ಕಂಪನಿಯ ಫೇಸ್ 2 ಬಾಲಿಗೆ 2.48 ಮತ್ತು 0.051. ವಾರಕ್ಕೊಮ್ಮೆ ಆಡೋ ಮನುಷ್ಯ ಒಂದೇ ಥರ ಎರಡು ಸಲ ಎಸೆಯೋದೇ ಕಷ್ಟ. ಅವನ ಕೈಯಲ್ಲಿ ಈ ಸಂಖ್ಯೆಗಳ ವ್ಯತ್ಯಾಸ ಎಷ್ಟು ಉಳಿಯುತ್ತೆ ಹೇಳಿ?

ಇದು ನನ್ನ ಊಹೆ ಮಾತ್ರ ಅಲ್ಲ. ಯುಎಸ್‌ಬಿಸಿ ಮಾಡಿದ ಬಾಲ್ ಮೋಷನ್ ಸ್ಟಡಿಯಲ್ಲಿ ಬಾಲಿನ ಚಲನೆಯನ್ನ ಅತಿ ಹೆಚ್ಚು ನಿರ್ಧರಿಸೋದು ಯಾವುದು ಅಂತ ಪಟ್ಟಿ ಮಾಡಿದಾಗ ಮೇಲಿನ ಸ್ಥಾನಗಳೆಲ್ಲ ಹೊರಮೈಗೆ ಹೋದವು: ಎಷ್ಟು ಒರಟು, ಎಷ್ಟು ಘರ್ಷಣೆ, ಎಷ್ಟು ಬೇಗ ಎಣ್ಣೆ ಹೀರುತ್ತೆ. ಕೋರ್ ಸಂಖ್ಯೆಗಳು ಅವುಗಳ ಕೆಳಗೆ ಬಂದವು. ಆಟದ ಇತಿಹಾಸ ನೋಡಿದರೂ ಅದೇ ಕಥೆ. 1973ರಲ್ಲಿ ಡಾನ್ ಮೆಕ್ಯೂನ್ ಅನ್ನೋ ಆಟಗಾರ ತನ್ನ ಪ್ಲಾಸ್ಟಿಕ್ ಬಾಲನ್ನ ರಾಸಾಯನಿಕದಲ್ಲಿ ನೆನೆಸಿ ಮೈ ಮೆತ್ತಗೆ ಮಾಡಿಕೊಂಡ. ಆ ವರ್ಷ ಆರು ಪ್ರಶಸ್ತಿ ಗೆದ್ದು ಪಿಬಿಎಯ ವರ್ಷದ ಆಟಗಾರ ಆದ. ಆಮೇಲೆ ಬಾಲಿನ ಗಡಸುತನಕ್ಕೆ ನಿಯಮ ಬಂತು. 1980ರ ದಶಕದಲ್ಲಿ ಯುರೆಥೇನ್, 1990ರ ದಶಕದ ಶುರುವಿನಲ್ಲಿ ರಿಯಾಕ್ಟಿವ್ ರೆಸಿನ್. ಪ್ರತಿ ಸಲವೂ ಆಟ ಬದಲಾದದ್ದು ಮುಖ್ಯವಾಗಿ ಹೊರಮೈ ಬದಲಾದಾಗ.

ಹೊರಮೈ ಅಂದ ಮೇಲೆ ಒಂದು ಮಾತು ಬರುತ್ತೆ, ಕ್ಯಾಟಲಾಗ್‌ನಲ್ಲಿ ಅದು ಸಣ್ಣ ಅಕ್ಷರದಲ್ಲಿರುತ್ತೆ: ಗ್ರಿಟ್. ಬಾಲಿನ ಮೈಯನ್ನ ಯಾವ ನಂಬರಿನ ಪ್ಯಾಡ್‌ನಿಂದ ಉಜ್ಜಿದ್ದಾರೆ ಅನ್ನೋದು. 500 ಅಂದ್ರೆ ಬಹಳ ಒರಟು, 4000 ಅಂದ್ರೆ ನಯ, ಅದರ ಮೇಲೆ ಪಾಲಿಶ್. ಫೇಸ್ 2 ಫ್ಯಾಕ್ಟರಿಯಿಂದ ಬರೋದು 3000ದಲ್ಲಿ. ಅದೇ ಬಾಲನ್ನ 1000ದ ಪ್ಯಾಡ್‌ನಲ್ಲಿ ಉಜ್ಜಿದರೆ ಹೆಚ್ಚು ಎಣ್ಣೆಯಲ್ಲೂ ಬೇಗ ಹಿಡಿಯುತ್ತೆ. ಪಾಲಿಶ್ ಹಾಕಿದರೆ ಮಧ್ಯಮ ಲೇನಿಗೆ ಬೇರೆಯದೇ ಬಾಲ್ ಥರ ಆಡುತ್ತೆ. ಅಂದ್ರೆ ‘ಹೆವಿ ಆಯಿಲ್’ ಅನ್ನೋದು ಬಹುಪಾಲು ಬಾಲಿನ ಜಾತಿ ಅಲ್ಲ, ಬಾಲಿನ ಇವತ್ತಿನ ಸ್ಥಿತಿ.

ಮತ್ತೆ ಆ ಸ್ಥಿತಿ ನಿಲ್ಲೋದಿಲ್ಲ. ಉಜ್ಜಿದ ಮೈ ಲೇನಿಗೆ ತಿಕ್ಕಿ ತಿಕ್ಕಿ ತಾನಾಗೇ ನಯವಾಗುತ್ತೆ, ರಂಧ್ರಗಳಲ್ಲಿ ಎಣ್ಣೆ ತುಂಬಿಕೊಳ್ಳುತ್ತೆ. ನಮ್ಮ ಲೀಗಿನಲ್ಲಿ ಹಾಸನದ ಕಡೆಯ ಹುಡುಗ ಒಬ್ಬನಿದ್ದಾನೆ. ಒಂದು ದಿನ ಬಂದು, ‘ಅಣ್ಣಾ, ಬಾಲ್ ಸತ್ತೋಯ್ತು ಕಣಣ್ಣಾ. ಮೊದಲು ಹೆಂಗೆ ತಿರುಗ್ತಿತ್ತು, ಈಗ ಮಿಸುಕಾಡಲ್ಲ. ಹೊಸದು ತಗಳ್ಳೋಣ ಅಂತಿದೀನಿ’ ಅಂದ. ‘ಪ್ಯಾಡ್ ಹಾಕ್ಸಿದ್ಯೇನಪ್ಪಾ?’ ಅಂತ ಕೇಳಿದೆ. ‘ಪ್ಯಾಡ್ ಅಂದ್ರೆ?’ ನೂರಕ್ಕೂ ಹೆಚ್ಚು ಗೇಮ್ ಆಡಿದ್ದಾನೆ, ಬಾಲ್ ಕೊಟ್ಟ ಅಂಗಡಿಯವರು ಒಂದು ಮಾತೂ ಹೇಳಿಲ್ಲ. ಹೊಸ ಬಾಲಿಗೆ ಸುಮಾರು 200 ಡಾಲರ್, ಮೇಲೆ ತೂತು ಕೊರೆಸೋ ಖರ್ಚು. ಪ್ಯಾಡಿಗೆ ಕೆಲವೇ ಡಾಲರ್. ಅಂಗಡಿಯವರಿಗೆ ಯಾವುದರಲ್ಲಿ ಲಾಭ ಅಂತ ಲೆಕ್ಕ ಹಾಕೋಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ. ನಮ್ಮೂರಲ್ಲಿ ಬೀಸೋಕಲ್ಲು ನುಣ್ಣಗಾಗಿ ರಾಗಿ ಜಾರೋಕೆ ಶುರುವಾದರೆ ಯಾರೂ ಹೊಸ ಕಲ್ಲು ತರ್ತಿರಲಿಲ್ಲ. ಉಳಿ ಸುತ್ತಿಗೆ ಹಿಡಿದು ಬೀದಿಯಲ್ಲಿ ಕೂಗಿಕೊಂಡು ಬರೋರನ್ನ ಕರೆದು ಕಲ್ಲಿಗೆ ಹಲ್ಲು ಹೊಡೆಸ್ತಿದ್ರು. ಬಾಲಿಗೂ ಅಷ್ಟೇ.

ಎರಡನೇ ತಕರಾರು ಇನ್ನೂ ದೊಡ್ಡದು. ಹೆವಿ ಆಯಿಲ್ ಬಾಲ್ ಕೊಳ್ಳೋರಲ್ಲಿ ಎಷ್ಟೋ ಜನ ಆಡೋ ಲೇನಿನಲ್ಲಿ ಹೆವಿ ಆಯಿಲ್ ಇರೋದೇ ಇಲ್ಲ. ಲೀಗಿಗೆ ಹಾಕೋ ಸಾಮಾನ್ಯ ಹೌಸ್ ಪ್ಯಾಟರ್ನ್‌ನಲ್ಲಿ ಎಣ್ಣೆ ನಡುವೆ ದಪ್ಪ, ಅಂಚಿಗೆ ತೆಳು. ಸ್ಪೋರ್ಟ್ ಪ್ಯಾಟರ್ನ್ ಅನ್ನಿಸಿಕೊಳ್ಳಬೇಕಾದರೆ ನಡುವಿನ ಎಣ್ಣೆ ಅಂಚಿನ ಮೂರು ಪಟ್ಟು ಮೀರಬಾರದು. ಹೌಸ್ ಪ್ಯಾಟರ್ನ್‌ನಲ್ಲಿ ಅದು ಸಲೀಸಾಗಿ ಮೀರಿರುತ್ತೆ. ಅಂಥ ಕಡೆ 1000ದಲ್ಲಿ ಉಜ್ಜಿದ ಬಲವಾದ ಬಾಲ್ ಹಾಕಿದರೆ ಅಂಚಿನ ಒಣ ಜಾಗ ತಾಗಿದ್ದೇ ತಡ ತಿರುಗಿಬಿಡುತ್ತೆ, ಶಕ್ತಿಯೆಲ್ಲ ದಾರಿಯಲ್ಲೇ ಖರ್ಚು ಮಾಡಿಕೊಂಡು ಪಿನ್ನಿನ ಹತ್ತಿರ ಸುಸ್ತಾಗಿ ಹೋಗುತ್ತೆ. ಒಳ್ಳೇ ಜಾಗಕ್ಕೇ ಹೊಡೆದರೂ ಹತ್ತನೇ ಪಿನ್ ನಿಂತಿರುತ್ತೆ. ಗದ್ದೆ ಕೆಸರಿಗೆ ಹಾಕೋ ಕೇಜ್ ವೀಲ್ ಹಾಕ್ಕೊಂಡು ಟಾರ್ ರೋಡಿನ ಮೇಲೆ ಟ್ರ್ಯಾಕ್ಟರ್ ಓಡಿಸಿದ ಹಾಗೆ.

ಇನ್ನು ಕೆಲವರಿಗೆ ಯಾವ ಲೇನ್ ಆದರೂ ಎಣ್ಣೆ ಜಾಸ್ತಿ ಅನ್ನಿಸುತ್ತೆ. ಕಾರಣ ಎಣ್ಣೆ ಅಲ್ಲ, ಅವರ ಕೈ. ವೇಗ ಜಾಸ್ತಿ, ಸುತ್ತು ಕಮ್ಮಿ. ಕ್ರಿಕೆಟ್ ಆಡಿ ಬಂದ ನಮ್ಮ ಹುಡುಗರಲ್ಲಿ ಈ ಥರದವರನ್ನ ಬೇಕಾದಷ್ಟು ನೋಡಿದ್ದೀನಿ, ಫಾಸ್ಟ್ ಬೌಲಿಂಗ್ ಮಾಡೋ ಹಾಗೆ ಬೀಸಿ ಎಸೀತಾರೆ. ಇವರಿಗೆ ಉಜ್ಜಿದ ಬಾಲು ನಿಜಕ್ಕೂ ಸಹಾಯ ಮಾಡುತ್ತೆ. ಆದರೆ ವೇಗ ಎರಡು ಮೈಲಿ ಇಳಿಸಿದರೆ ಆಗೋ ಸಹಾಯ ಪುಕ್ಕಟೆ. ಕೋಡ್ ಯಾಕೆ ನಿಧಾನ ಅಂತ ನೋಡದೆ ದೊಡ್ಡ ಸರ್ವರ್ ಕೊಳ್ಳೋ ಮ್ಯಾನೇಜರುಗಳನ್ನ ನಾವೆಲ್ಲ ಬೈದಿದ್ದೀವಲ್ಲ, ಇಲ್ಲಿ ನಾವೇ ಆ ಮ್ಯಾನೇಜರು.

ಸರಿ, ನಿಜವಾಗಲೂ ಎಣ್ಣೆ ಜಾಸ್ತಿ ಇದೆ ಅನ್ನಿ. ಏನು ಮಾಡಬೇಕು? ಮೊದಲು ಪ್ಯಾಟರ್ನ್ ಶೀಟ್ ಕೇಳಿ. ಅದರಲ್ಲಿ ಉದ್ದ, ಒಟ್ಟು ಮಿಲಿಲೀಟರ್, ನಡು-ಅಂಚಿನ ಅನುಪಾತ ಮೂರೂ ಇರುತ್ತೆ. ಉದ್ದದಲ್ಲಿ 31 ಕಳೆದರೆ ಬಾಲು ಎಣ್ಣೆ ದಾಟೋ ಹೊತ್ತಿಗೆ ಸುಮಾರು ಯಾವ ಪಟ್ಟಿಯ ಮೇಲಿರಬೇಕು ಅಂತ ಗೊತ್ತಾಗುತ್ತೆ. 45 ಅಡಿಯ ಪ್ಯಾಟರ್ನ್ ಆದರೆ 14ನೇ ಪಟ್ಟಿ. ಅಂದ್ರೆ ಉದ್ದದ ಪ್ಯಾಟರ್ನ್‌ನಲ್ಲಿ ಬಾಲನ್ನ ಅಂಚಿಗೆ ಬಿಟ್ಟು ದೊಡ್ಡದಾಗಿ ತಿರುಗಿಸಿ ತರೋ ಆಸೆ ಬಿಡಬೇಕು. ಅಂಚಿಗೆ ಹೋದದ್ದು ವಾಪಸ್ ಬರೋದಿಲ್ಲ. ನೇರವಾಗಿ, ಪಾಕೆಟ್ಟಿಗೆ ಹತ್ತಿರದ ದಾರಿಯಲ್ಲಿ ಆಡಬೇಕು. ಕೈ ಬಾಲಿನ ಪಕ್ಕಕ್ಕಿಂತ ಹಿಂದೆ ಇದ್ದರೆ ಬೇಗ ಉರುಳೋಕೆ ಶುರುಮಾಡುತ್ತೆ. ಬಾಲು ಪರ್ಲ್ ಅಲ್ಲ, ಸಾಲಿಡ್ ಹೊದಿಕೆಯದಾಗಿರಲಿ, 1000 ಅಥವಾ 2000ದಲ್ಲಿ ಹೊಸದಾಗಿ ಉಜ್ಜಿರಲಿ. ಉಜ್ಜೋದು ಆಟಕ್ಕೆ ಮೊದಲೇ ಮುಗೀಬೇಕು. ಅಧಿಕೃತ ಸ್ಪರ್ಧೆ ಶುರುವಾದ ಮೇಲೆ ಪ್ಯಾಡ್ ಮುಟ್ಟೋ ಹಾಗಿಲ್ಲ, 2019ರ ಆಗಸ್ಟ್‌ನಿಂದ ಕ್ಲೀನರ್ ದ್ರವವೂ ಇಲ್ಲ. ಒಣ ಟವೆಲ್ ಮಾತ್ರ. ಆ ಟವೆಲ್ಲಿನಿಂದ ಪ್ರತಿ ಎಸೆತಕ್ಕೂ ಮುಂಚೆ ಎಣ್ಣೆ ಒರೆಸಿ, ಮನೆಗೆ ಹೋಗೋ ಮುಂಚೆ ಕ್ಲೀನರ್ ಹಾಕಿ. ಎರಡು ಮೂರು ಗೇಮ್ ಆದ ಮೇಲೆ ಬಾಲು ಬೇಗ ತಿರುಗೋಕೆ ಶುರುಮಾಡಿದರೆ ಲೇನಿನ ಮುಂಭಾಗದ ಎಣ್ಣೆ ಖಾಲಿಯಾಗ್ತಿದೆ ಅಂತ ಅರ್ಥ. ಆಗ ಅದೇ ಬಾಲಿಗೆ ಅಂಟಿಕೊಂಡು ಕೂರಬೇಡಿ, ನಯವಾದದ್ದು ತೆಗೀರಿ.

ಆ ಎಣ್ಣೆ ಎಲ್ಲಿ ಹೋಯ್ತು? ನಮ್ಮ ಬಾಲುಗಳ ಹೊಟ್ಟೆಗೆ. ಬಾಲು ಹೆಚ್ಚು ಹೀರಿದಷ್ಟೂ ಲೇನ್ ಬೇಗ ಒಣಗುತ್ತೆ, ಅದಕ್ಕೆ ಸೆಂಟರಿನವರು ಇನ್ನಷ್ಟು ಎಣ್ಣೆ ಹಾಕ್ತಾರೆ, ಅದಕ್ಕೆ ಕಂಪನಿ ಇನ್ನೂ ಹೀರೋ ಬಾಲ್ ಮಾರುತ್ತೆ. ಊರಲ್ಲಿ ಒಬ್ಬರು ಬೋರ್‌ವೆಲ್ ಆಳ ಮಾಡಿದರೆ ಪಕ್ಕದವರೂ ಆಳ ಮಾಡಿಸಿದ ಹಾಗೆ. ಯುಎಸ್‌ಬಿಸಿ ಇದನ್ನ ನೋಡಿಯೇ 2018ರಲ್ಲಿ ಹೊಸ ನಿಯಮ ಪ್ರಕಟಿಸಿತು. 2020ರ ಆಗಸ್ಟ್‌ನಿಂದ ಬರೋ ಹೊಸ ಬಾಲುಗಳು ಪರೀಕ್ಷೆಯಲ್ಲಿ ನಿಗದಿತ ಎಣ್ಣೆಯನ್ನ ಹೀರೋಕೆ ಕನಿಷ್ಠ 2 ನಿಮಿಷ 15 ಸೆಕೆಂಡ್ ತಗೋಬೇಕು. ಒಳ್ಳೇ ನಿಯಮ, ತಡವಾಗಿ ಬಂತು ಅಷ್ಟೇ. ಕ್ಯಾಟಲಾಗ್‌ನ ಭಾಷೆಗೆ ಮಾತ್ರ ಇನ್ನೂ ಯಾವ ನಿಯಮವೂ ಬಂದಿಲ್ಲ.

ಬಾಲ್ ವಿಮರ್ಶೆ ಮಾಡೋರಿಂದ ನಾನು ಕೇಳೋದು ಇಷ್ಟೇ. ಯಾವ ಪ್ಯಾಟರ್ನ್ ಮೇಲೆ ಎಸೆದಿರಿ, ಎಷ್ಟು ಅಡಿ, ಎಷ್ಟು ಮಿಲಿಲೀಟರ್ ಅಂತ ಹೇಳಿ. ನಿಮ್ಮ ವೇಗ, ಸುತ್ತು ಎಷ್ಟು ಹೇಳಿ. ಪೆಟ್ಟಿಗೆಯಿಂದ ತೆಗೆದ ಮೊದಲ ದಿನದ ವಿಡಿಯೋ ಜೊತೆಗೆ ಅರವತ್ತು ಗೇಮ್ ಆದ ಮೇಲಿನ ವಿಡಿಯೋನೂ ಹಾಕಿ, ಆಮೇಲೆ ಪ್ಯಾಡ್ ಹಾಕಿ ಇನ್ನೊಂದು ಸಲ ಎಸೆದು ತೋರಿಸಿ. ಅಷ್ಟು ನೋಡಿದ ಮೇಲೂ ಹೊಸ ಬಾಲ್ ಬೇಕು ಅನ್ನಿಸಿದವರು ಧಾರಾಳವಾಗಿ ಕೊಳ್ಳಲಿ. ಹಾಸನದ ಹುಡುಗ ಸದ್ಯಕ್ಕೆ 1000ದ ಒಂದು ಪ್ಯಾಡು, 2000ದ ಒಂದು ಪ್ಯಾಡು ತಗೊಂಡಿದ್ದಾನೆ. ಬಾಲು ಅದೇ ಹಳೇದು.