ಚೋಮನ ಎತ್ತುಗಳು

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಬಡತನದ ಕತೆಯೆಂದು ಕರೆಯುವುದು ರೂಢಿಯಾಗಿದೆ. ನನಗೆ ಆ ಮಾತು ಒಪ್ಪಿಗೆಯಾಗದು. ಚೋಮನಲ್ಲಿ ಒಂದು ಜೋಡಿ ಎತ್ತುಗಳಿದ್ದುವು, ತೋಳಿನಲ್ಲಿ ಬಲವಿತ್ತು, ಬೇಸಾಯದ ಹಂಬಲವಂತೂ ಕೊನೆಯವರೆಗೂ ಆರಲಿಲ್ಲ. ಇಲ್ಲದುದು ಗೇಣಿಗೆ ಒಂದು ತುಂಡು ಗದ್ದೆ. ಅದು ದೊರೆಯದುದು ಹಣವಿಲ್ಲದುದರಿಂದಲ್ಲ, ಹೊಲೆಯನಾಗಿ ಹುಟ್ಟಿದುದರಿಂದ. ಬೇಸಾಯಕ್ಕೆ ಎಡೆಯಿಲ್ಲದವನಿಗೆ ಕೂಲಿಯೇ ಗತಿ. ಕೂಲಿಯಿಂದ ಕಾಫಿತೋಟದ ಸಾಲವು ತೀರದು. ಆ ಸಾಲಕ್ಕಾಗಿ ಮಕ್ಕಳು ಘಟ್ಟ ಹತ್ತಬೇಕಾಯಿತು. ದಾರಿದ್ರ್ಯಕ್ಕೆ ಪೂರ್ವಕರ್ಮವೇ ಕಾರಣವೆಂದು ಪಾಠಶಾಲೆಯಲ್ಲಿ ಕಲಿತ ನನ್ನಂಥವನಿಗೆ ಈ ಕಾರಣಪರಂಪರೆಯನ್ನು ಓದುವುದು ಸುಲಭವಾಗಿರಲಿಲ್ಲ.

ಗ್ರಂಥಕರ್ತರಲ್ಲಿ ನನ್ನದೊಂದು ಆಕ್ಷೇಪವಿದೆ. ಒಡೆಯನಾದ ಸಂಕಪ್ಪಯ್ಯನ ಮನಸ್ಸು ಕರಗುತ್ತದೆ. ಅಡ್ಡಬರುವವಳು ಆತನ ತಾಯಿ. ಆಚಾರದ ಹೊರೆಯೆಲ್ಲವೂ ಆ ವೃದ್ಧೆಯ ತಲೆಯ ಮೇಲೆ ಬಿದ್ದಿತು. ಚೋಮನು ಒಕ್ಕಲಾದರೆ ಒಡೆಯನ ಗದ್ದೆಗೆ ಆಳು ಎಲ್ಲಿಂದ ಬರಬೇಕು? ಆಚಾರದಿಂದ ಒಡೆಯನಿಗೊದಗುವ ಈ ಲಾಭವನ್ನು ಕಾದಂಬರಿಯು ಸಾಕಷ್ಟು ಕೆದಕಿಲ್ಲ.

೧೯೩೩ರ ಈ ಪುಸ್ತಕವನ್ನು ಈಚೆಗೆ ಮತ್ತೆ ಓದಿದಾಗ ೧೯೭೪ರ ಭೂಸುಧಾರಣೆಯು ನೆನಪಿಗೆ ಬಂದಿತು. ಅದು ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿ ಮಾಡಿತು, ಒಳ್ಳೆಯದೇ ಆಯಿತು. ಆದರೆ ಗೇಣಿಯೇ ದೊರೆಯದಿದ್ದ ಚೋಮನಂಥವರು ತಮ್ಮ ಅರ್ಜಿಯಲ್ಲಿ ಏನೆಂದು ಬರೆಯಬೇಕಾಗಿದ್ದಿತು?