ಓಲೆಯ ಆನೆ, ಕಾಡಿನ ಆನೆ

ಥಾಮಸ್ ಟ್ರೌಟ್‌ಮನ್ನರ ಎರಡು ಇಂಗ್ಲಿಷ್ ಪುಸ್ತಕಗಳನ್ನು ಈಚೆಗೆ ಒಂದರ ಬೆನ್ನಿಗೆ ಒಂದರಂತೆ ಓದಿದೆ. ಮೊದಲನೆಯದು 1971ರದು, ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಬರೆದವರು ಒಬ್ಬರೋ ಹಲವರೋ ಎಂಬುದು ಅದರ ವಿಚಾರ. ಎರಡನೆಯದು 2015ರಲ್ಲಿ ಹೊರಬಂದ ‘ಎಲಿಫೆಂಟ್ಸ್ ಅಂಡ್ ಕಿಂಗ್ಸ್’. ಮೊದಲ ಪುಸ್ತಕದಲ್ಲಿ ಈ ವಿದ್ವಾಂಸರು ಮಾಡಿರುವ ಕೆಲಸವನ್ನು ಕೇಳಿದರೆ ನಮ್ಮ ಹಳೆಯ ಪಂಡಿತರು ನಕ್ಕಾರು. ‘ಚ’, ‘ವಾ’, ‘ಏವ’ ಮೊದಲಾದ ಪುಟ್ಟ ಅವ್ಯಯಗಳು ಗ್ರಂಥದ ಯಾವ ಭಾಗದಲ್ಲಿ ಎಷ್ಟು ಸಲ ಬಂದಿವೆ ಎಂದು ಅವರು ಎಣಿಸಿದ್ದಾರೆ! ಎಣಿಸಿ, ಸಂಖ್ಯಾಶಾಸ್ತ್ರದ ಒರೆಗೆ ಹಚ್ಚಿ, ಇದು ಒಂದೇ ಕೈಯ ಬರಹವಲ್ಲ ಎಂಬ ನಿರ್ಣಯಕ್ಕೆ ಬಂದಿದ್ದಾರೆ. ಪಾರಿಭಾಷಿಕ ಪದಗಳನ್ನು ಯಾರು ಬೇಕಾದರೂ ಎರವಲು ತರಬಹುದು. ಅವ್ಯಯಗಳನ್ನು ಮಾತ್ರ ಲೇಖಕನು ತನಗೆ ಅರಿವಿಲ್ಲದೆ ಚೆಲ್ಲುತ್ತ ಹೋಗುತ್ತಾನೆ. ಕೈಗಳು ಬೇರೆ ಎಂದು ಈ ಎಣಿಕೆ ಹೇಳೀತೇ ಹೊರತು ಅವು ಯಾರ ಕೈಗಳೆಂದು ಹೇಳಲಾರದು. ಆದರೂ ವ್ಯಾಕರಣವೂ ಗಣಿತವೂ ಒಂದೇ ಮೇಜಿನ ಮುಂದೆ ಕುಳಿತದ್ದನ್ನು ಕಂಡು ನನಗೆ ಸಂತೋಷವಾಯಿತು.

ಸಂತೋಷದ ಜೊತೆಗೆ ಒಂದು ಬಗೆಯ ಸಂಕಟವೂ ಆಯಿತೆಂಬುದನ್ನು ಮರೆಮಾಚಲಾರೆ. ಈ ಅರ್ಥಶಾಸ್ತ್ರದ ಓಲೆಗರಿ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲಿ. 1891ರಲ್ಲಿ ಸ್ಥಾಪಿತವಾದ ಸರ್ಕಾರಿ ಪ್ರಾಚ್ಯ ಪುಸ್ತಕಭಂಡಾರಕ್ಕೆ ತಂಜಾವೂರು ಪ್ರಾಂತದ ಪಂಡಿತರೊಬ್ಬರು ಒಪ್ಪಿಸಿದ ಗ್ರಂಥಲಿಪಿಯ ಆ ಕಟ್ಟನ್ನು 1905ರಲ್ಲಿ ಗುರುತಿಸಿದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. 1909ರಲ್ಲಿ ಮೂಲ ಅಚ್ಚಾಯಿತು. 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಮರುವರ್ಷವೇ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಪುಸ್ತಕಭಂಡಾರ ಅದರ ಮಡಿಲಿಗೆ ಬಂತು. ಶಾಸ್ತ್ರಿಗಳ ಅನುವಾದದಲ್ಲಿ ಎಡವಿದ ಎಡೆಗಳಿವೆ. ಮುಂದೆ ಕಾಂಗ್ಲೆಯವರೂ ಒಲಿವೆಲ್ ಅವರೂ ಅವನ್ನು ತಿದ್ದಿದ್ದಾರೆ. ಎಡವದೆ ಇನ್ನೇನು? ಆ ಗ್ರಂಥದಲ್ಲಿ ಗಣಿಯಿದೆ, ನೇಯ್ಗೆಯಿದೆ, ಹೆಂಡದ ಬಟ್ಟಿಯಿದೆ, ಮಳೆಯನ್ನು ಅಳೆಯಲು ಉಗ್ರಾಣದಲ್ಲಿ ಇಡಬೇಕಾದ ಪಾತ್ರೆಯ ಬಾಯಗಲ ಕೂಡ ಇದೆ. ಇಷ್ಟನ್ನೂ ಒಬ್ಬ ಸಂಸ್ಕೃತ ಪಂಡಿತ ಒಂಟಿಯಾಗಿ ಓದಬೇಕಾಯಿತು.

ಆನೆಯ ಮಾತಿಗೆ ಬರುತ್ತೇನೆ. ಎಂಥ ಆನೆಯನ್ನು ಹಿಡಿಯಬೇಕು, ಎಂಥದನ್ನು ಬಿಡಬೇಕು ಎಂದು ಅರ್ಥಶಾಸ್ತ್ರ ವಿಧಿಸುತ್ತದೆ. ಹಿಡಿಯುವ ಕಾಲ ಬೇಸಗೆ, ವಯಸ್ಸು 20. ಗಬ್ಬದ ಆನೆ, ಮರಿಗೆ ಹಾಲೂಡುವ ಆನೆ, ರೋಗದ ಆನೆ ಇವನ್ನು ಮುಟ್ಟಬಾರದು. ಆನೆಯನ್ನು ಕೊಂದವನಿಗೆ ಮರಣದಂಡನೆ. ತಾನಾಗಿ ಸತ್ತ ಆನೆಯ ದಂತವನ್ನು ತಂದೊಪ್ಪಿಸಿದವನಿಗೆ ನಾಲ್ಕೂಕಾಲು ಪಣ ಬಹುಮಾನ. ಟ್ರೌಟ್‌ಮನ್ನರ ಎರಡನೆಯ ಪುಸ್ತಕ ಇಂಥ ವಿಧಿಗಳ ಒಳಗಿನ ಲೆಕ್ಕವನ್ನು ಬಿಡಿಸುತ್ತದೆ. ಆನೆಯನ್ನು ಸಾಕಿ, ಈಯಿಸಿ, ಮರಿಯನ್ನು ಕೆಲಸಕ್ಕೆ ಬರುವಷ್ಟು ಬೆಳೆಸುವುದೆಂದರೆ ಮೇವಿಗೇ ಬೊಕ್ಕಸ ಬರಿದಾದೀತು. ಬೆಳೆಸುವ ಕೆಲಸವನ್ನು ಕಾಡಿಗೆ ಬಿಟ್ಟು, ಬೆಳೆದದ್ದನ್ನು ಹಿಡಿದು ತರುವುದೇ ಅರಸನಿಗೆ ಲಾಭ. ಹಾಗಾಗಿ ಯುದ್ಧಕ್ಕೆ ಆನೆ ಬೇಕೆಂದ ಅರಸ ಕಾಡನ್ನೂ ಉಳಿಸಬೇಕಾಯಿತು. ಚೀನದಲ್ಲಿ ಆನೆ ಬಹುಮಟ್ಟಿಗೆ ಅಳಿದು ನಮ್ಮಲ್ಲಿ ಉಳಿದದ್ದಕ್ಕೆ ಇದೂ ಒಂದು ಕಾರಣವೆಂದು ಅವರ ವಾದ. ಕೌಟಿಲ್ಯ ಕೀಳುದರ್ಜೆಯವೆಂದ ಸೌರಾಷ್ಟ್ರದ ಆನೆಗಳು ಇಂದು ಅಲ್ಲಿ ಇಲ್ಲವೇ ಇಲ್ಲ. ಶಾಸ್ತ್ರವಾಕ್ಯವನ್ನೂ ಕಾಡಿನ ಭೂಪಟವನ್ನೂ ಜೊತೆಗಿಟ್ಟು ಓದಿದ್ದರಿಂದ ದೊರೆತ ಫಲವಿದು. ನನಗೆ ಕಂಡ ಕೊರತೆ ಒಂದೇ: ಪುಸ್ತಕದಲ್ಲಿ ಅರಸರ ಮತ್ತು ಶಾಸ್ತ್ರಕಾರರ ಮಾತು ಹೆಚ್ಚು, ಮಾವುತನ ಮಾತು ಕಡಮೆ.

ಆ ಮಾವುತ ಎಲ್ಲಿದ್ದ? ಹೆಗ್ಗಡದೇವನಕೋಟೆಯ ಆಚೆ, ಕಾಕನಕೋಟೆಯಲ್ಲಿದ್ದ. ಕಾಡಾನೆಗಳನ್ನು ಕಪಿಲೆಗೆ ಇಳಿಸಿ ಹಿಡಿಯುವ ಖೆಡ್ಡಾ ಅಲ್ಲಿ 1971ರವರೆಗೂ ನಡೆಯಿತು. ಟ್ರೌಟ್‌ಮನ್ನರ ಮೊದಲ ಪುಸ್ತಕ ಅಚ್ಚಾದ ವರ್ಷವೂ ಅದೇ. ಹಿಡಿಯಬಾರದ ಆನೆಗಳ ಪಟ್ಟಿಯಲ್ಲಿ ‘ಮಕ್ಕಣ’ ಎಂಬುದೊಂದು ಶಬ್ದವಿದೆ. ದಂತವಿಲ್ಲದ ಗಂಡಾನೆ ಎಂದು ಅರ್ಥ. ನಮ್ಮ ಕಾಡಿನವರು ಅಂಥ ಆನೆಯನ್ನು ಇಂದಿಗೂ ‘ಮಕ್ನಾ’ ಎನ್ನುತ್ತಾರೆ. ನನ್ನ ಕಿವಿಗೆ ಇವೆರಡೂ ಒಂದೇ ಮಾತು. ಓಲೆಗರಿ ಮೈಸೂರಿನಲ್ಲಿ, ಮಾತು ಕಾಕನಕೋಟೆಯಲ್ಲಿ; ನಡುವಣ ದಾರಿ ಒಂದು ಹಗಲಿನದು.

ಕೆಲವು ವರ್ಷಗಳ ಹಿಂದೆ ನನಗೆ ಪರಿಚಯದ ಹುಡುಗಿಯೊಬ್ಬಳು ಈ ದಾರಿಯಲ್ಲಿ ಹೋಗಲು ಹೊರಟಿದ್ದಳು. ಯಾವ ವಿಶ್ವವಿದ್ಯಾನಿಲಯವೆಂಬುದು ಬೇಡ. ಮಾವುತರು, ಕಾವಾಡಿಗಳು, ಜೇನುಕುರುಬರು ಆನೆಯನ್ನು ಕುರಿತು ಆಡುವ ಮಾತುಗಳನ್ನು ಕೂಡಿಸಿ, ಹಳೆಯ ಶಾಸ್ತ್ರಗಳೊಡನೆ ಹೋಲಿಸುವುದು ಅವಳ ಆಸೆ. ಕನ್ನಡ ವಿಭಾಗದವರು “ಇದು ಪ್ರಾಣಿಶಾಸ್ತ್ರವಲ್ಲವೇನಮ್ಮ?” ಎಂದರು. ಪ್ರಾಣಿಶಾಸ್ತ್ರದವರು ಮರ್ಯಾದೆಯಿಂದಲೇ ಕಾಫಿ ಕೊಟ್ಟು, “ಪದಗಳ ವಿಚಾರ ನಮಗೆ ಬರದು” ಎಂದರು. ವಿಚಾರಸಂಕಿರಣಗಳ ಆಮಂತ್ರಣ ಪತ್ರಿಕೆಯಲ್ಲಿ ‘ಅಂತರಶಿಸ್ತೀಯ’ ಎಂಬ ಮಾತು ಮಂಗಳಾಕ್ಷತೆಯ ಹಾಗೆ ಬಿದ್ದಿರುತ್ತದೆ. ಅರ್ಜಿ ಹಿಡಿದು ಬಂದವರಿಗೆ ಮಾತ್ರ ಪಕ್ಕದ ಬಾಗಿಲು ತೋರಿಸುತ್ತಾರೆ. ಮೈಸೂರಿನ ವಿದ್ಯಾಕ್ಷೇತ್ರಕ್ಕೆ 1960ರಲ್ಲಿ ಕುವೆಂಪು ಅವರು ಮಾನಸಗಂಗೋತ್ರಿ ಎಂದು ಹೆಸರಿಟ್ಟರಷ್ಟೆ. ಗಂಗೋತ್ರಿಯಲ್ಲಿ ಹೊಳೆ ಒಂದೇ ಎಂಬುದು ನಮ್ಮ ನಾಡಿನ ಎಷ್ಟು ವಿದ್ಯಾಲಯಗಳಿಗೆ ನೆನಪಿದೆಯೋ!

ವಿಭಾಗದವರನ್ನೇ ಪೂರ್ತಿ ದೂರಲಾರೆ. ಪ್ರಬಂಧವನ್ನು ಪರೀಕ್ಷಿಸುವವರು ಬೇಕು, ಪದವಿಗೆ ಒಂದು ಹೆಸರು ಬೇಕು, ಅನಂತರ ಕೆಲಸಕ್ಕೆ ಅರ್ಜಿ ಹಾಕುವಾಗ ‘ಯಾವ ವಿಷಯ?’ ಎಂಬ ಕಲಮು ತುಂಬಬೇಕು. ಹುಡುಗಿಗೆ ಮನೆಯ ಜವಾಬ್ದಾರಿಯಿತ್ತು. ಚಂಪೂಕಾವ್ಯವೊಂದರ ಅಲಂಕಾರಗಳ ಮೇಲೆ ಬರೆದು ಡಾಕ್ಟರೇಟ್ ಪಡೆದಳು. ಪ್ರಬಂಧ ಚೆನ್ನಾಗಿಯೇ ಇದೆ. ಅಂಥವು ಇನ್ನೂ ಹಲವು ಇವೆ.

ಹೋದ ತಿಂಗಳು ಅವಳ ಮನೆಗೆ ಹೋಗಿದ್ದಾಗ ಆನೆಯ ಮಾತು ಬಂತು. ಒಳಗಿನಿಂದ ಒಂದು ನೋಟ್‌ಬುಕ್ ತಂದಳು. ಖೆಡ್ಡಾವನ್ನು ಕಣ್ಣಾರೆ ಕಂಡಿದ್ದ ಒಬ್ಬ ಮುದುಕನ ಬಾಯಿಂದ ಎರಡು ಮಧ್ಯಾಹ್ನ ಕೇಳಿ ಬರೆದುಕೊಂಡದ್ದು. ಒಂಬತ್ತು ಪುಟ ತುಂಬಿವೆ. ಹತ್ತನೆಯ ಪುಟದ ಮೇಲ್ಗಡೆ, ‘ಮುಂದಿನ ಸಲ ಕೇಳಬೇಕಾದ್ದು’ ಎಂದು ಬರೆದು, ಕೆಳಗೆ ಏಳು ಪ್ರಶ್ನೆಗಳನ್ನು ಹಾಕಿದ್ದಾಳೆ. ಮುದುಕ ತೀರಿಕೊಂಡು ಮೂರು ವರ್ಷವಾಯಿತಂತೆ.